ಹಳದಿ ಕಣಗಿಲೆಯ ಕಹಿ

“ನಿನ್ನ ಕೈಯಿಂದ ಬಂದಿದ್ದನ್ನ ಇನ್ನು ಯಾವತ್ತೂ ಮೆಷಿನ್‌ಗೆ ಹಾಕಲ್ಲ ಕಣೇ. ಮಾತು.”

ಬಿಟಿಎಂ ಲೇಔಟಿನ ಪಿ.ಜಿ. ಕೋಣೆಯಲ್ಲಿ, ಗೋಡೆಗೆ ಮುಖ ಹಾಕಿ ಮಲಗಿದ್ದ ಸಂಗೀತಾಳ ಅಂಗೈಗೆ ಅಂಗೈ ಒತ್ತಿ ಮೇಘಶ್ರೀ ಹಾಗಂದು ಎಷ್ಟೋ ವರ್ಷಗಳಾಗಿದ್ದವು. ಆಗ ಮೇಘಶ್ರೀಗೆ ಲ್ಯಾಬಿನ ಕೆಲಸ ಹೊಸದು, ಕಂಡದ್ದನ್ನೆಲ್ಲ ಪರೀಕ್ಷೆಗೆ ಹಾಕುವ ಚಟ. ಸಂಗೀತಾಳ ತಾಯಿ ಊರಿಂದ ಕಳಿಸಿದ್ದ ಜೇನುತುಪ್ಪವನ್ನೂ ಬಿಡದೆ ಒಯ್ದು, “ಮುಕ್ಕಾಲು ಪಾಲು ಬೆಲ್ಲದ ಪಾಕ” ಎಂದು ಕೋಣೆಯ ಹುಡುಗಿಯರ ಮುಂದೆ ನಗಾಡಿದ್ದಳು. “ನಮ್ಮಮ್ಮನ್ನ ಕಳ್ಳಿ ಮಾಡಿಬಿಟ್ಟೆಯಲ್ಲೇ” ಎಂದು ಸಂಗೀತಾ ಅತ್ತ ಅಳು ಆ ಮಾತು ಕೊಟ್ಟ ಮೇಲೇ ನಿಂತದ್ದು.

ಅಂದಿನಿಂದ ಸಂಗೀತಾ ಕೊಟ್ಟ ಉಪ್ಪಿನಕಾಯಿ, ಸಾರಿನಪುಡಿ, ಹುಣಿಸೆಗೊಜ್ಜು ಎಲ್ಲವೂ ಸೀದಾ ಮೇಘಶ್ರೀಯ ಅಡುಗೆಮನೆಗೇ ಹೋಗುತ್ತಿದ್ದವು. ಮಾತಿಗೆ ಚ್ಯುತಿ ಬಂದಿರಲಿಲ್ಲ.

“ಮೇಡಂ, ಸುತ್ತಿ ಬಳಸಿ ಬೇಡ. ಸಂಗೀತಾ ಅವರನ್ನ ಇವತ್ತು ಸಂಜೆ ನಾನು ಕರ್ಕೊಂಡು ಹೋಗಬೇಕೋ, ಬೇಡ್ವೋ?”

ಸಬ್ ಇನ್‌ಸ್ಪೆಕ್ಟರ್ ಮೌನೇಶ ಲ್ಯಾಬಿನ ಸ್ಟೂಲಿನ ಮೇಲೆ ಕೂತು, ಟೋಪಿಯನ್ನು ಮಂಡಿಯ ಮೇಲೆ ತಿರುಗಿಸುತ್ತಿದ್ದ. ಬನಶಂಕರಿ ಎರಡನೇ ಹಂತದ ಈ ಲ್ಯಾಬಿಗೆ ಬರುವುದೆಲ್ಲ ಆಯುರ್ವೇದ ಕಂಪನಿಗಳ ಬೇರು, ಪುಡಿ, ಕಷಾಯ. ಪೊಲೀಸರ ಬೂಟು ಇಲ್ಲಿಗೆ ಬಂದದ್ದು ಈ ವಾರವೇ ಮೊದಲು.

ಪದ್ಮನಾಭನಗರದ ಮರುಳಸಿದ್ದಪ್ಪನವರು ಪೂಜೆಗೆ ಕೂತಲ್ಲೇ ಕುಸಿದು, ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರು. ಅವರ ರಕ್ತದಲ್ಲಿ, ಯಾವ ಡಾಕ್ಟರೂ ಬರೆದುಕೊಡದ ಡಿಜಾಕ್ಸಿನ್ ಎಂಬ ಹೃದಯದ ಔಷಧಿ ಇದೆ ಎಂದು ಆಸ್ಪತ್ರೆಯ ಟೆಸ್ಟ್ ಹೇಳಿತ್ತು. ಸರ್ಕಾರಿ ಲ್ಯಾಬಿನ ವರದಿ ತಡವಾಗುತ್ತದೆಂದು ಮೌನೇಶ ಆ ರಕ್ತದ ಒಂದಿಷ್ಟನ್ನು ಇಲ್ಲಿಗೂ ತಂದುಕೊಟ್ಟಿದ್ದ. ಅವರ ಸೊಸೆ ಸಂಗೀತಾ, ಜಯನಗರ ನಾಲ್ಕನೇ ಬ್ಲಾಕಿನ ಮೆಡಿಕಲ್ ಶಾಪಿನಲ್ಲಿ ಫಾರ್ಮಸಿಸ್ಟ್. ಆ ಮಾತ್ರೆ ಅವಳ ಕೈಗೆಟುಕುವ ಡ್ರಾಯರಿನಲ್ಲೇ ಇರುತ್ತದೆ.

“ಡಿಜಾಕ್ಸಿನ್ ಅಲ್ಲವೇ ಅಲ್ಲ ಸಾರ್,” ಎಂದಳು ಮೇಘಶ್ರೀ.

“ಆಸ್ಪತ್ರೆಯವರು ಸುಳ್ಳು ಹೇಳ್ತಾರಾ?”

“ಸುಳ್ಳಲ್ಲ. ಆ ಟೆಸ್ಟ್ ಇದೆಯಲ್ಲ, ದೂರದಿಂದ ಬೆನ್ನು ನೋಡಿ ಸಂಗೀತಾ ಗಂಡ ಅಂದ್ಕೊಂಡು ‘ಏಯ್ ಕೈಲಾಸ್’ ಅಂತ ಕೂಗೋ ಥರ. ತಿರುಗಿದ್ರೆ ಅವನ ಅಣ್ಣ ಇರಬಹುದು, ಚಿಕ್ಕಪ್ಪನ ಮಗ ಇರಬಹುದು. ಡಿಜಾಕ್ಸಿನ್ ಕೂಡ ಗಿಡದಿಂದಲೇ ಬಂದಿದ್ದು. ಅದರ ಸಂಬಂಧಿಕರನ್ನ ಬೇರೆ ಗಿಡಗಳೂ ಮಾಡ್ತವೆ. ಯಾರು ಬಂದರೂ ಆ ಟೆಸ್ಟ್ ಒಂದೇ ಹೆಸರು ಹಿಡಿದು ಕೂಗುತ್ತೆ.”

“ನಿಮ್ಮದು?”

“ನಮ್ಮದು ಒಬ್ಬೊಬ್ಬರನ್ನೇ ಗೇಟಲ್ಲಿ ನಿಲ್ಲಿಸಿ, ತೂಕ ಹಾಕಿ, ಮುರಿದು ನೋಡಿ ಆಮೇಲೆ ಹೆಸರು ಹೇಳುತ್ತೆ.”

“ಗಿಡ ಯಾಕ್ರೀ ಇಂಥದ್ದನ್ನ ಮಾಡ್ಕೊಳ್ಳುತ್ತೆ?”

“ಮೇಯೋಕೆ ಬಂದವರನ್ನ ಬಿಟ್ಟು ಓಡೋಕೆ ಕಾಲಿಲ್ಲವಲ್ಲ. ಎಲೆಲಿ, ಬೀಜದಲ್ಲಿ ತುಂಬಿಟ್ಕೊಳ್ಳುತ್ತೆ.”

“ಲಾಠಿ ಹುಟ್ಟುವಾಗಲೇ ಒಳಗೆ. ನಮ್ಮ ಇಲಾಖೆಗಿಂತ ವಾಸಿ ಬಿಡಿ,” ಎಂದ ಮೌನೇಶ. ನಗಲಿಲ್ಲ.

ಮೇಘಶ್ರೀಗೂ ನಗು ಬರಲಿಲ್ಲ. ಬೆಳಿಗ್ಗೆ ತಂದ ಉಪ್ಪಿಟ್ಟಿನ ಡಬ್ಬಿ ಮುಚ್ಚಳ ತೆಗೆಯದೆ ಹಾಗೇ ಕೂತಿತ್ತು.

ನಿನ್ನೆಯವರೆಗೆ ಅವಳಿಗೊಂದು ಆಸೆಯಿತ್ತು. ಮರುಳಸಿದ್ದಪ್ಪನವರ ಹೆಂಡತಿ ಬಸವಲಿಂಗಮ್ಮನವರೇ ಪೂಜೆಯ ಕ್ರಮವನ್ನು ತೋರಿಸಿಕೊಟ್ಟಿದ್ದರು. ಕಾಂಪೌಂಡಿನ ಕೆಂಪು ಕಣಗಿಲೆ ಹೂವನ್ನು ಸಂಜೆಯೇ ಕಿತ್ತು, ಬಾಡದಿರಲೆಂದು ತಾಮ್ರದ ತಂಬಿಗೆಯ ನೀರಿನಲ್ಲಿ ತೇಲಿಬಿಡುತ್ತಿದ್ದರಂತೆ. ಬೆಳಿಗ್ಗೆ ಅದೇ ನೀರು ಅಂಗೈಯ ಲಿಂಗಕ್ಕೆ ಮಜ್ಜನ. ಆ ಮಜ್ಜನದ ನೀರೇ ತೀರ್ಥ. ಕುಸಿದಾಗಲೂ ಲಿಂಗ ಜಾರದ ಹಾಗೆ ಯಜಮಾನರು ಮುಷ್ಟಿ ಬಿಗಿದುಕೊಂಡೇ ಇದ್ದರು ಎನ್ನುವಾಗ ಆಕೆಯ ದನಿ ಒಡೆದಿತ್ತು.

ಕಣಗಿಲೆ ವಿಷದ ಗಿಡ. ರಾತ್ರಿಯೆಲ್ಲ ಹೂ ನೆನೆದ ನೀರನ್ನು ಭಕ್ತಿಯಿಂದ ಕುಡಿದದ್ದೇ ತಪ್ಪಾಗಿದ್ದರೆ, ಅದು ಯಾರೂ ಬೇಕೆಂದು ಮಾಡಿದ ತಪ್ಪಲ್ಲ. ಸಂಗೀತಾ ಬಚಾವ್. ಮೇಘಶ್ರೀ ತಂಬಿಗೆಯ ನೀರನ್ನೂ ಹೂವನ್ನೂ ತಾನೇ ತಂದು ಪರೀಕ್ಷೆಗೆ ಹಾಕಿದ್ದಳು.

“ತೀರ್ಥದ ಕಥೆ ಏನಾಯ್ತು?” ಮೌನೇಶ ಕೇಳಿದ.

“ಕೆಂಪು ಕಣಗಿಲೆಯ ವಿಷದ ಹೆಸರು ಒಲಿಯಾಂಡ್ರಿನ್. ಆ ನೀರಿಗೆ ಇಳಿದಿರೋದು ಉಸಿರಿನಷ್ಟು. ಅವರ ರಕ್ತದಲ್ಲಿ ಅದು ಇಲ್ಲ.”

“ಮತ್ತೆ ಏನಿದೆ?”

ಅವಳು ಪರದೆಯನ್ನು ಅವನ ಕಡೆ ತಿರುಗಿಸಿದಳು. ಎರಡು ಗೆರೆ, ಒಂದರ ಮೇಲೊಂದು. ಎರಡರಲ್ಲೂ ಒಂದೇ ಜಾಗದಲ್ಲಿ ಗೋಪುರದಂತೆ ಎದ್ದ ಮೊನೆ.

“ಮೇಲಿರೋದು ರಕ್ತ. ಕೆಳಗಿರೋದು ಬೆಳಿಗ್ಗೆ ನಾನು ಪಾರ್ಕಿನ ಬೇಲಿಯಿಂದ ಕಿತ್ತು ತಂದ ಕಾಯಿಯ ಬೀಜ. ಹಳದಿ ಕಣಗಿಲೆ. ಗಂಟೆ ಥರದ ಹೂ ಬಿಡುತ್ತಲ್ಲ, ರಸ್ತೆ ಮಧ್ಯೆ, ಪಾರ್ಕ್ ಸುತ್ತ ಎಲ್ಲಿ ನೋಡಿದ್ರೂ ಹಾಕಿರ್ತಾರೆ. ಅದರದ್ದು ಪೆರುವೊಸೈಡ್. ಅಜ್ಜನ ಹೃದಯ ನಿಲ್ಲಿಸಿದ್ದು ಅದೇ.”

ಮೌನೇಶ ಪರದೆಯನ್ನೇ ನೋಡುತ್ತ ಕೂತ. “ಅಂದ್ರೆ ಮಾತ್ರೆ ಅಲ್ಲ. ಮೆಡಿಕಲ್ ಶಾಪಿನ ಕಥೆ ಬಿತ್ತು.”

“ಹೌದು ಸಾರ್.” ಅವಳ ದನಿಯಲ್ಲಿ ಸ್ವಲ್ಪ ಜೀವ ಬಂತು.

“ಆದ್ರೆ ಬೀಜ ತಾನಾಗಿ ಹಾರಿ ಬಾಯಿಗೆ ಬೀಳಲ್ಲ. ಹೇಗಿರುತ್ತೆ ಅದರ ರುಚಿ?”

“ಕಡುಕಹಿ. ನಾಲಿಗೆಗೆ ತಾಗಿದ್ರೆ ಉಗಿದುಬಿಡ್ತೀರಿ.”

“ಅನ್ನ ಸಾರಲ್ಲಿ ಬೆರೆಸೋಕಾಗಲ್ಲ. ಮೊದಲೇ ಕಹಿ ಇರೋದಕ್ಕೇ ಸೇರಿಸಬೇಕು.” ಮೌನೇಶ ಎದ್ದು ಟೋಪಿ ಹಾಕಿಕೊಂಡ. “ಅಜ್ಜನಿಗೆ ಸಕ್ಕರೆ ಕಾಯಿಲೆ ಇತ್ತಂತೆ. ಕಹಿ ಕಷಾಯ, ಹಾಗಲಕಾಯಿ ರಸ, ಏನಾದ್ರೂ ಕುಡೀತಿರಲೇಬೇಕು. ನಾವು ಆ ಅಡುಗೆಮನೆ ಪೂರ್ತಿ ಜಾಲಾಡಿದ್ವಿ ಮೇಡಂ. ಮೆಂತ್ಯದ ಡಬ್ಬಿ ಬಿಟ್ಟು ಕಹಿ ಪದಾರ್ಥ ಒಂದೂ ಸಿಗಲಿಲ್ಲ. ನಿಮಗೇನಾದ್ರೂ ಗೊತ್ತಾ? ನಿಮ್ಮ ಫ್ರೆಂಡ್ ಮನೆ ಅಲ್ವಾ?”

ಮೇಘಶ್ರೀಗೆ ಗೊತ್ತಿತ್ತು.

ಬೇವು, ಮೆಂತ್ಯ, ನೇರಳೆ ಬೀಜ ಒಣಗಿಸಿ, ಹುರಿದು, ಮಿಕ್ಸಿಗೆ ಹಾಕಿ ಸಂಗೀತಾ ಮಾಡುವ ಸಕ್ಕರೆ ಕಾಯಿಲೆಯ ಪುಡಿ. ಮಾವನಿಗೆ ದಿನಾ ಬೆಳಿಗ್ಗೆ ಬಿಸಿನೀರಿನಲ್ಲಿ ಒಂದು ಚಮಚ. ಹೋದ ತಿಂಗಳು ಮಾಡಿದಾಗ ಒಂದು ಡಬ್ಬಿ ಮೇಘಶ್ರೀಯ ಅಮ್ಮನಿಗೂ ಬಂದಿತ್ತು.

ಆ ಮನೆಯಲ್ಲಿ ಅಂಥ ಡಬ್ಬಿ ಇರಲೇಬೇಕು. ಪೊಲೀಸರಿಗೆ ಸಿಕ್ಕಿಲ್ಲ ಅಂದರೆ ಯಾರೋ ತೆಗೆದಿದ್ದಾರೆ.

“ಕೇಳಿ ಹೇಳ್ತೀನಿ ಸಾರ್,” ಎಂದಳು.

“ದೀಪ ಹಚ್ಚೋ ಹೊತ್ತಿಗೆ ಮತ್ತೆ ಬರ್ತೀನಿ. ನನ್ನ ಮೇಲೂ ಸಾಹೇಬರಿದ್ದಾರೆ ಮೇಡಂ, ಅಲ್ಲಿಂದ ಮುಂದಕ್ಕೆ ತಡೆಯೋಕಾಗಲ್ಲ.”

ಅವನ ಬೈಕಿನ ಸದ್ದು ದೂರವಾಗುವ ಮೊದಲೇ ಮೇಘಶ್ರೀ ತ್ಯಾಗರಾಜನಗರದ ಮನೆಗೆ ಫೋನ್ ಹಚ್ಚಿದ್ದಳು. ಮೂರು ಸಲ ರಿಂಗಾಗಿ ನಿಂತಿತು. ಮತ್ತೆ ಹಚ್ಚಿದಳು. ಎತ್ತಬಾರದೇ ಅಮ್ಮ, ಎತ್ತು.

“ಏನೇ, ಬಟ್ಟೆ ಹರವೋಕೂ ಬಿಡಲ್ವಲ್ಲ ನೀನು,” ಎಂದರು ಶಾಂತಾದೇವಿ.

“ಅಮ್ಮಾ, ಸಂಗೀತಾ ಕೊಟ್ಟ ಪುಡಿ ಈಗಲೂ ತಗೊಳ್ತಿದ್ದೀಯಾ?”

“ಇವತ್ತೂ ಆಯ್ತು. ಯಾಕೆ?”

“ವಾಂತಿ? ಸಂಕಟ? ತಲೆ ಸುತ್ತೋದು?”

“ನಿನ್ನ ಪ್ರಶ್ನೆ ಕೇಳಿ ಈಗ ಸುತ್ತುತ್ತಿದೆ.”

“ತಮಾಷೆ ಬೇಡಮ್ಮ. ಕಣ್ಣಿಗೆ ಎಲ್ಲಾ ಹಳದಿ ಹಳದಿಯಾಗಿ ಕಾಣುತ್ತಾ?”

“ಎದುರು ಮನೆಯವರು ಹಳದಿ ಬಣ್ಣ ಹೊಡೆಸಿದ್ರೆ ಹಳದೀನೇ ಕಾಣುತ್ತೆ ಕಣೇ. ಏನಾಯ್ತು ನಿಂಗೆ? ಊಟ ಮಾಡಿದ್ಯಾ?”

“ಆ ಡಬ್ಬಿ ಮುಚ್ಚಿ ಮೇಲಿಡು. ನಾನು ಬರೋವರೆಗೂ ಮುಟ್ಟಬೇಡ. ಆಣೆ ಇಟ್ಟು ಹೇಳು.”

ಅಮ್ಮ ಆಣೆ ಇಟ್ಟರು, ಗೊಣಗಿಕೊಂಡೇ. ಮೇಘಶ್ರೀ ಕುರ್ಚಿಗೆ ಒರಗಿದಳು. ಒಂದೇ ದಿನ, ಒಂದೇ ಮಿಕ್ಸಿಯಲ್ಲಿ ಆದ ಪುಡಿ. ಅಮ್ಮನಿಗೆ ಏನೂ ಆಗಿಲ್ಲ. ಹಾಗಾದರೆ ಸಂಗೀತಾ ಮಾಡಿದ ಪುಡಿಯಲ್ಲಿ ತಪ್ಪಿಲ್ಲ. ಅಥವಾ ಅಮ್ಮನ ಡಬ್ಬಿ ತುಂಬಿದ ಮೇಲೆ, ಮಾವನ ಡಬ್ಬಿಗೆ ಮಾತ್ರ...

ಆ ಯೋಚನೆಯನ್ನು ಅವಳು ಅಲ್ಲಿಗೇ ತಡೆದಳು.

ಬಾಗಿಲು ತಳ್ಳಿಕೊಂಡು ಸಂಗೀತಾ ಒಳಗೆ ಬಂದಳು. ಹೆಲ್ಮೆಟ್ ತೆಗೆದಿರಲಿಲ್ಲ. ಊಟದ ಬ್ಯಾಗನ್ನು ಎದೆಗೆ ಅವಚಿಕೊಂಡಿದ್ದಳು.

“ಒಬ್ಬಳೇ ಇದ್ದೀಯಾ?”

“ಇದ್ದೀನಿ. ಹೆಲ್ಮೆಟ್ ತೆಗಿ, ಕೂತ್ಕೋ. ಒಳ್ಳೇ ಸುದ್ದಿ ಇದೆ. ನಿಮ್ಮ ಮಾವನಿಗೆ ಆಗಿದ್ದು ಮಾತ್ರೆಯಿಂದಲ್ಲ.”

ಸಂಗೀತಾ ಕೂರಲಿಲ್ಲ. ಸಂತೋಷವೂ ಪಡಲಿಲ್ಲ. ಬ್ಯಾಗಿನ ಜಿಪ್ ಎಳೆದು, ಹಾರ್ಲಿಕ್ಸಿನ ಹಳೇ ಬಾಟಲಿಯೊಂದನ್ನು ಮೇಜಿನ ಮೇಲಿಟ್ಟಳು. ಅರ್ಧದಷ್ಟು ಹಸಿರುಗಂದು ಪುಡಿ.

“ಇದನ್ನ ಸುಟ್ಟುಬಿಡು.”

ಮೇಘಶ್ರೀ ಬಾಟಲಿಯನ್ನೂ ಗೆಳತಿಯ ಮುಖವನ್ನೂ ನೋಡಿದಳು. “ಇದನ್ನ ನೀನು ಬಚ್ಚಿಟ್ಟಿದ್ಯಾ?”

“ಕಸದ ಗಾಡಿಗೆ ಹಾಕೋಣ ಅಂದ್ರೆ ಅವರು ಎಲ್ಲಾ ಬಿಚ್ಚಿ ವಿಂಗಡಿಸ್ತಾರೆ, ಯಾರ ಕೈಗಾದ್ರೂ ಸಿಕ್ಕಿದ್ರೆ? ಮೋರಿಗೆ ಸುರಿಯೋಕೆ ಹೋದ್ರೆ ಬೀದಿಯವರ ಕಣ್ಣೆಲ್ಲ ನಮ್ಮ ಮನೆ ಮೇಲೇ ಇದೆ. ನಿಮ್ಮ ಲ್ಯಾಬಿಂದ ಕೆಟ್ಟ ಕೆಮಿಕಲ್ ಎಲ್ಲಾ ಡ್ರಮ್ಮಲ್ಲಿ ತುಂಬಿ ಸುಡೋಕೆ ಕಳಿಸ್ತಾರಲ್ಲ, ಅದಕ್ಕೆ ಹಾಕಿಬಿಡು. ಬೂದಿಯಾಗಿ ಹೋಗ್ಲಿ.”

“ಇದರಲ್ಲಿ ಏನಿದೆ ಅಂತ ನಿಂಗೆ ಗೊತ್ತಾ?”

“ಬೇವು. ಮೆಂತ್ಯ. ನೇರಳೆ ಬೀಜ.”

“ಅಷ್ಟೇನಾ?”

“ನಾನು ಹಾಕಿದ್ದು ಅಷ್ಟೇ.”

“ನೀನು ಹಾಕಿದ್ದು ಅಷ್ಟೇ,” ಎಂದು ಮೇಘಶ್ರೀ ನಿಧಾನವಾಗಿ ಹೇಳಿದಳು. “ಬೇರೆಯವರು?”

ಸಂಗೀತಾ ಹೆಲ್ಮೆಟಿನ ಬೆಲ್ಟನ್ನು ಬಿಚ್ಚಲು ನೋಡಿದಳು. ಕೊಕ್ಕೆ ಸಿಗಲಿಲ್ಲ. ಮೇಘಶ್ರೀ ಎದ್ದು ಬಿಚ್ಚಿಕೊಟ್ಟಳು. ಕಣ್ಣ ಕೆಳಗೆ ಮಸಿ ಬಳಿದ ಹಾಗೆ ಕಪ್ಪು.

“ಕೈಲಾಸಾ?” ಮೇಘಶ್ರೀ ಕೇಳಿದಳು.

“ಥೂ, ನನ್ನ ಗಂಡನಿಗೆ ಕಾಫಿ ಪುಡಿ ಡಬ್ಬಿ ಯಾವುದು, ಸಾರಿನಪುಡಿ ಡಬ್ಬಿ ಯಾವುದು ಅಂತ ಇನ್ನೂ ಗೊತ್ತಿಲ್ಲ. ಅಪ್ಪ ಹೋದಾಗಿಂದ ಮಗು ಥರ ಅಳ್ತಾ ಕೂತಿದಾರೆ.”

“ಮತ್ತೆ ಯಾರನ್ನ ಕಾಪಾಡ್ತಿದ್ದೀಯಾ?”

“ಯಾರನ್ನೂ ಇಲ್ಲ.”

“ಪೊಲೀಸರ ಕಣ್ಣು ತಪ್ಪಿಸಿ ಬಾಟಲಿ ಎತ್ತಿಟ್ಟಿದ್ದೀಯಾ. ಅದು ಗೊತ್ತಾದ್ರೆ ಏನಾಗುತ್ತೆ ಗೊತ್ತಾ? ಆ ಪುಡಿ ಮಾಡೋಳು ನೀನು ಅಂತ ನಿಮ್ಮ ಬೀದಿಗೆಲ್ಲ ಗೊತ್ತು. ಮೌನೇಶ ಅವರು ಸಾಯಂಕಾಲ ಬರ್ತಾರೆ. ಕಹಿ ಪದಾರ್ಥ ಯಾವುದು ಅಂತ ಹುಡುಕ್ತಿದ್ದಾರೆ.”

“ಅದಕ್ಕೇ ಸುಟ್ಟುಬಿಡು ಅಂದಿದ್ದು.”

“ಸುಟ್ಟರೆ ನಿನ್ನ ಪರವಾಗಿ ಹೇಳೋಕೂ ನನ್ನ ಹತ್ರ ಏನೂ ಉಳಿಯಲ್ಲ ಸಂಗೀ! ಒಂದೇ ಒಂದು ಸಲ ಮೆಷಿನ್‌ಗೆ...”

“ಬೇಡ.”

ಸಂಗೀತಾಳ ದನಿ ಏರಲಿಲ್ಲ. ಅದೇ ಮೇಘಶ್ರೀಯನ್ನು ಹೆದರಿಸಿತು.

“ನನ್ನ ಕೈಯಿಂದ ಬಂದಿದ್ದು ಅದು. ನೀನು ಮಾತು ಕೊಟ್ಟಿದ್ದೆ. ನಾನು ಬೇರೆ ಲ್ಯಾಬು, ಬೇರೆ ಜನ ಹುಡುಕ್ಕೊಂಡು ಹೋಗಬಹುದಿತ್ತು. ನಿನ್ನ ಹತ್ರ ಬಂದೆ. ಯಾಕೆ ಹೇಳು?”

ಮೇಘಶ್ರೀ ಬಾಟಲಿಯನ್ನು ತನ್ನ ಕಡೆಗೆ ಎಳೆದುಕೊಂಡಳು.

“ಇಡೀ ಬೆಂಗಳೂರಲ್ಲಿ ನನ್ನನ್ನ ಟೆಸ್ಟ್ ಮಾಡದೇ ನಂಬೋಳು ನೀನೊಬ್ಬಳೇ ಅಂತ.”

ಹೊರಗೆ ಬಿಎಂಟಿಸಿ ಬಸ್ಸೊಂದು ಸಿಗ್ನಲಿನಲ್ಲಿ ನಿಂತು ಏದುಸಿರು ಬಿಟ್ಟಿತು. ಸಂಗೀತಾ ಹೆಲ್ಮೆಟ್ ಎತ್ತಿಕೊಂಡಳು.

“ಯಾರೂ ಬೇಕು ಅಂತ ಮಾಡಿಲ್ಲ ಮೇಘಾ. ಅಷ್ಟು ಮಾತ್ರ ಹೇಳ್ತೀನಿ. ಬಂದರೆ ಬರ್ಲಿ ಪೊಲೀಸರು, ನಾನೇ ಹೋಗ್ತೀನಿ. ಇನ್ನೊಂದು ಜೀವ ನನ್ನ ಬಾಯಿಂದ ಹಾಳಾಗೋದು ಬೇಡ.”

ಬಾಗಿಲು ತಾನಾಗಿ ಮುಚ್ಚಿಕೊಂಡಿತು. ಬಾಟಲಿ ಮೇಜಿನ ಮೇಲೆ ಕೂತಿತ್ತು.

ಮೇಘಶ್ರೀ ಅದನ್ನು ಎತ್ತಿಕೊಂಡು ಹಿಂದಿನ ಕೋಣೆಗೆ ಹೋದಳು. ಅಲ್ಲಿ ನೀಲಿ ಡ್ರಮ್ಮು ಅರ್ಧ ತುಂಬಿತ್ತು. ನಾಳೆ ಬೆಳಿಗ್ಗೆ ಲಾರಿ ಬಂದು ಒಯ್ಯುತ್ತದೆ. ಮುಚ್ಚಳ ತೆಗೆದರೆ ಆಯಿತು, ಕೈ ಸಡಿಲಿಸಿದರೆ ಆಯಿತು. ಯಾರೂ ಕೇಳುವುದಿಲ್ಲ.

ಮುಚ್ಚಳ ತೆಗೆದಳು. ಮದ್ದಿನ ಘಾಟು ಮೂಗಿಗೆ ಹೊಡೆಯಿತು.

ಸಂಗೀತಾ ವಿಷ ಹಾಕಿಲ್ಲ. ಇದನ್ನು ಮೇಘಶ್ರೀ ಯಾವ ಮೆಷಿನ್ನಿನ ಹಂಗಿಲ್ಲದೆ ನಂಬಿದ್ದಳು. ಆದರೆ ಹಾಕಿದವರು ಯಾರೋ ಆ ಮನೆಯಲ್ಲಿ ಇದ್ದಾರೆ. ಇವತ್ತು ಸಂಗೀತಾ ಅಲ್ಲಿಗೇ ವಾಪಸ್ ಹೋಗುತ್ತಾಳೆ. ಅದೇ ಒಲೆಯ ಮೇಲೆ ಸಾರು ಕಾಯುತ್ತದೆ, ಅದೇ ಕಪಾಟಿನ ಡಬ್ಬಿಗಳು ತೆರೆಯುತ್ತವೆ. ಬೇಕು ಅಂತ ಮಾಡಿಲ್ಲ ಎನ್ನುತ್ತಾಳೆ. ಬೇಕೆಂದು ಮಾಡದ್ದು ಇನ್ನೊಮ್ಮೆ ಆಗದೆಂದು ಯಾರು ಹೇಳಬೇಕು? ಬೂದಿ ಹೇಳುತ್ತದೆಯೇ?

ಮೇಘಶ್ರೀ ಡ್ರಮ್ಮಿನ ಮುಚ್ಚಳ ಹಾಕಿದಳು. ಬಾಟಲಿಯೊಂದಿಗೆ ಮುಂದಿನ ಕೋಣೆಗೆ ಬಂದಳು.

ಚಿಟಿಕೆಯಷ್ಟು ಪುಡಿ. ಮದ್ಯಸಾರದಲ್ಲಿ ಕದಡಿ, ಸೋಸಿ, ಸಣ್ಣ ಗಾಜಿನ ಶೀಶೆಗೆ ತುಂಬುವಾಗ ಕೈ ತನ್ನಷ್ಟಕ್ಕೆ ಕೆಲಸ ಮಾಡಿತು. ದಿನಕ್ಕೆಷ್ಟೋ ಬಾರಿ ಮಾಡುವ ಕೆಲಸ. ಮೆಷಿನ್ನಿನ ಸೂಜಿ ಶೀಶೆಗೆ ಇಳಿದಾಗ ಮಾತ್ರ ಅವಳು ಬೇರೆ ಕಡೆ ನೋಡಿದಳು.

ಗೆರೆ ತೆವಳುತ್ತಾ ಹೊರಟಿತು.

ಮೊದಲಿಗೆ ಮೆಂತ್ಯ ಬಂತು. ಅದರ ಗುರುತು ಅವಳಿಗೆ ಸ್ವಂತ ಮನೆಯ ಬಾಗಿಲಿನಷ್ಟು ಪರಿಚಿತ. ಬೇವು ನಡುವಲ್ಲಿ ಗುಂಪಾಗಿ ಬಂತು. ಬೇವಿನ ಹಿಂದೆಯೇ, ರಕ್ತದಲ್ಲಿ ಕಂಡ ಅದೇ ಜಾಗದಲ್ಲಿ, ಗೋಪುರದ ಮೊನೆ ಎದ್ದಿತು. ಹಳದಿ ಕಣಗಿಲೆ.

ಇದ್ದೇ ಇತ್ತು. ಮೇಘಶ್ರೀ ಕಣ್ಣು ಮುಚ್ಚಿ ತೆರೆದಳು. ಮೊನೆ ಅಲ್ಲೇ ಇತ್ತು.

ಆಗ ಅವಳ ಕಣ್ಣು ಗೆರೆಯ ಶುರುವಿಗೆ ಹೋಯಿತು. ಮೆಂತ್ಯದ ಪಕ್ಕದಲ್ಲೇ ಒಂದು ಚಿಕ್ಕ ಉಬ್ಬು. ಮೊದಲ ನೋಟಕ್ಕೆ ಕೊಳೆ ಅಂದುಕೊಂಡಿದ್ದಳು. ದೊಡ್ಡದು ಮಾಡಿದಳು, ತೂಕ ನೋಡಿ, ಲ್ಯಾಬಿನ ಸಂಗ್ರಹದೊಂದಿಗೆ ಹೋಲಿಸಿದಳು. ಹೆಸರು ಬಂತು.

ಅರೆಕೋಲಿನ್.

ಬೇವಿನಲ್ಲಿ ಅದಿಲ್ಲ. ಮೆಂತ್ಯ, ನೇರಳೆ, ಕಣಗಿಲೆ, ಯಾವುದರಲ್ಲೂ ಇಲ್ಲ. ಈ ಪುಡಿಯಲ್ಲಿ ಇರಬೇಕಾದರೆ ಒಂದೇ ಗಿಡದಿಂದ ಬಂದಿರಬೇಕು. ಅಡಿಕೆ.

ಸಕ್ಕರೆ ಕಾಯಿಲೆಯ ಪುಡಿಗೆ ಅಡಿಕೆಯನ್ನು ಯಾರೂ ಹಾಕುವುದಿಲ್ಲ. ಇದ್ದದ್ದು ಅಷ್ಟು ಸ್ವಲ್ಪ. ಹಾಕಿದ್ದಲ್ಲ, ಅಂಟಿಕೊಂಡು ಬಂದದ್ದು. ಕಣಗಿಲೆಯ ಬೀಜವನ್ನು ಮಿಕ್ಸಿಗೆ ಹಾಕಿರಲಿಲ್ಲ. ಅಡಿಕೆ ಕುಟ್ಟುವ ಯಾವುದರಲ್ಲೋ ಕುಟ್ಟಿದ್ದರು.

ಸಂಗೀತಾ ಒಂದೇ ರಿಂಗಿಗೆ ಫೋನ್ ಎತ್ತಿದಳು.

“ಸಂಗೀ, ಮನೆ ತಲುಪಿದ್ಯಾ?”

“ಈಗಷ್ಟೇ. ಸುಟ್ಟೆಯಾ?”

“ನಿಮ್ಮ ಮನೇಲಿ ಅಡಿಕೆ ಕುಟ್ಟಿ ಹಾಕ್ಕೊಳ್ಳೋದು ಯಾರು?”

ಆ ಕಡೆಯಿಂದ ಫ್ಯಾನಿನ ಸದ್ದು. ದೂರದಲ್ಲಿ ಯಾರದೋ ಮನೆಯ ಟಿವಿ.

“ಹಾಕಿಬಿಟ್ಟೆ ಅಲ್ವಾ,” ಎಂದಳು ಸಂಗೀತಾ.

“ಹೇಳು ಸಂಗೀ. ಯಾರು?”

“ಹಲ್ಲು ಹೋದಮೇಲೆ ಅತ್ತೆ ಕುಟ್ಟಾಣಿ ಇಟ್ಕೊಂಡಿದ್ದಾರೆ.” ಮಾತು ಬಿಕ್ಕಿಕೊಂಡು ಬಂತು. “ಮಾವ ಹೋಗೋ ಹಿಂದಿನ ದಿನ ಮಧ್ಯಾಹ್ನ ಕುಟ್ಟೋ ಸದ್ದು ಕೇಳಿಸ್ತು. ಎಲೆ ಅಡಿಕೆ ಅಂದ್ಕೊಂಡೆ. ನೋಡಿದ್ರೆ ಸೆರಗಲ್ಲಿ ಆ ಹಳದಿ ಕಣಗಿಲೆಯ ಕಪ್ಪು ಕಾಯಿ...”

“ಬಸವಲಿಂಗಮ್ಮನವರು ಈಗ ಎಲ್ಲಿದ್ದಾರೆ?”

“ಅದನ್ನೇ ನೋಡ್ತಿದ್ದೀನಿ. ದೇವರ ಕೋಣೇಲಿಲ್ಲ. ಹಿಂದೆ ಇಲ್ಲ. ಚಪ್ಪಲಿ ಇಲ್ಲ.” ಹೆಜ್ಜೆಗಳ ಸದ್ದು, ಕಪಾಟಿನ ಬಾಗಿಲು ಕಿರುಗುಟ್ಟಿದ ಸದ್ದು. “ಮೇಘಾ, ಕುಟ್ಟಾಣೀನೂ ಇಲ್ಲ ಕಣೇ.”

“ಗಾಬರಿ ಆಗಬೇಡ. ನಾನು ಮೌನೇಶ ಅವರಿಗೆ...”

“ಪೊಲೀಸ್ ಬೇಡ! ನಿಂಗೆ ಅರ್ಥ ಆಗ್ತಿಲ್ಲ. ಅತ್ತೆ ಅದನ್ನ ಮಾವನಿಗೆ ಅಂತ ಕುಟ್ಟಿದ್ದೇ ಅಲ್ಲ.”

“ಮತ್ತೆ ಯಾರಿಗೆ?”

“ತಮಗೇ ಅಂತ. ಆ ಪುಡಿಗೆ ಬೆರೆಸಿಟ್ಟಿದ್ರು, ಅಷ್ಟರಲ್ಲಿ ಮಾವ...”

ಲೈನ್ ಕಟ್ಟಾಯಿತು. ಮತ್ತೆ ಹಚ್ಚಿದಾಗ ಸ್ವಿಚ್ ಆಫ್ ಎಂದಿತು.

ಮೇಘಶ್ರೀ ಪರದೆಯ ಫೋಟೋ ತೆಗೆದಳು. ಅದನ್ನು ಮೌನೇಶನ ನಂಬರಿಗೆ ಕಳಿಸಿದಳು. ಅವನು ನೋಡಿದ ಗುರುತಾಗಿ ಎರಡು ನೀಲಿ ಟಿಕ್ ಬರುವವರೆಗೂ ನಿಂತೇ ಇದ್ದಳು.

ಸಂಗೀತಾಗೆ ಕೊಟ್ಟ ಮಾತು ಮೆಷಿನ್ನಿನ ಸೂಜಿ ಇಳಿದಾಗಲೇ ಮುರಿದಿತ್ತು.